ಪಶ್ಚಿಮ ಆಫ್ರಿಕಾದ ಹಳ್ಳಿಗಳಲ್ಲಿ ಸಣ್ಣ ಅಭಿವೃದ್ಧಿ ಕೆಲಸಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕೈಪಂಪು, ಒಂದು ಕಲ್ಲಿನ ಬದು, ಒಂದು ಉಳಿತಾಯ ಗುಂಪು. ಹಣ ಕೊಡಬೇಕೆಂದಿರುವವರು, ಸ್ವಯಂಸೇವಕರಾಗಿ ಹೋಗುವವರು, ಗ್ರಾಮೀಣಾಭಿವೃದ್ಧಿ ಓದುತ್ತಿರುವವರು ಇಂಥ ಕೆಲಸಗಳ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಇಲ್ಲಿ ಹೇಳಿರುವುದು ಬುರ್ಕಿನಾ ಫಾಸೊ, ಮಾಲಿ, ನೈಜರ್ ಮತ್ತು ಉತ್ತರ ಘಾನಾದ ಒಣಸೀಮೆಗೆ ಹೊಂದುತ್ತದೆ. ಕರಾವಳಿ ಕಡೆಯ ಮಳೆಕಾಡಿನ ಊರುಗಳ ಲೆಕ್ಕವೇ ಬೇರೆ.

ಆ ಸೀಮೆ ಹೇಗಿದೆ? ನಮ್ಮ ಬಯಲುಸೀಮೆಗೆ ಹೋಲಿಸಬಹುದೇ?

ಸ್ವಲ್ಪಮಟ್ಟಿಗೆ ಹೋಲಿಸಬಹುದು. ಬುರ್ಕಿನಾ ಫಾಸೊದ ಉತ್ತರಕ್ಕಿರುವ ಯಾತೆಂಗಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 400ರಿಂದ 700 ಮಿಲಿಮೀಟರ್. ವಿಜಯಪುರ, ಕೊಪ್ಪಳದ ರೈತರಿಗೆ ಈ ಅಂಕಿ ಹೊಸದಲ್ಲ. ಬೆಳೆಗಳೂ ಪರಿಚಿತವೇ: ಜೋಳ, ಸಜ್ಜೆ, ಅಲಸಂದೆ, ಶೇಂಗಾ. ಸಜ್ಜೆಯ ತವರೇ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಆ ಸಹೇಲ್ ಸೀಮೆ. ಜೋಳ ಅಥವಾ ಸಜ್ಜೆಯ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ ಮಾಡುವ ‘ತೊ’ ನಮ್ಮ ಮುದ್ದೆಯ ಹತ್ತಿರದ ಸಂಬಂಧಿ. ಅದನ್ನು ಬೆಂಡೆಕಾಯಿಯ ಲೋಳೆ ಸಾರಿನ ಜೊತೆ ಉಣ್ಣುತ್ತಾರೆ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಹಿಂಗಾರಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿದ್ದದ್ದೇ ಮಳೆ. ಆಮೇಲೆ ಎಂಟು ತಿಂಗಳು ಹನಿ ನೀರಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಸಹಾರಾದಿಂದ ‘ಹರ್ಮಟಾನ್’ ಎಂಬ ದೂಳುಗಾಳಿ ಬೀಸುತ್ತದೆ. ಮುಂದೆ ಬರುವ ಉತ್ತರಗಳೆಲ್ಲ ಈ ಒಂದು ಸಂಗತಿಗೆ ಬಂದು ತಾಕುತ್ತವೆ.

ಊರಿನಲ್ಲಿ ಯಾರ ಒಪ್ಪಿಗೆ ಬೇಕು?

ಮೂರು ಕಡೆ ಕೇಳಬೇಕು. ಬುರ್ಕಿನಾದ ಮೊಸ್ಸಿ ಜನರ ಊರುಗಳಲ್ಲಿ ‘ನಾಬಾ’ ಎಂಬ ಮುಖಂಡನಿರುತ್ತಾನೆ, ಜನರ ಮೇಲಿನ ಅಧಿಕಾರ ಆತನದು. ನೆಲದ ಮೇಲಿನ ಅಧಿಕಾರ ಬೇರೆಯವರದು. ಅವರನ್ನು ‘ತೆಂಗ್‌ಸೋಬಾ’ ಎನ್ನುತ್ತಾರೆ, ಉತ್ತರ ಘಾನಾದಲ್ಲಿ ‘ತಿಂದಾನಾ’. ಭೂತಾಯಿಗೆ ಪೂಜೆ ಸಲ್ಲಿಸುವ ಹಕ್ಕು ಅವರ ಮನೆತನದ್ದು. ನೆಲ ಅಗೆಯುವ ಯಾವ ಕೆಲಸಕ್ಕೂ ಅವರ ಮಾತು ಬೇಕೇ ಬೇಕು. ಮೂರನೆಯದು ಸರ್ಕಾರ: ಬುರ್ಕಿನಾ, ಮಾಲಿ, ನೈಜರ್‌ಗಳಲ್ಲಿ ಕಮ್ಯೂನ್ ಎಂಬ ಸ್ಥಳೀಯ ಆಡಳಿತ, ಘಾನಾದಲ್ಲಿ ಜಿಲ್ಲಾ ಅಸೆಂಬ್ಲಿ. ಮೊದಲ ಸಲ ಹೋಗುವಾಗ ಕೋಲಾ ಕಾಯಿ ಒಯ್ಯುವುದು ಪದ್ಧತಿ. ನಮ್ಮಲ್ಲಿ ವೀಳ್ಯ ಕೊಟ್ಟು ಮಾತಿಗೆ ಕೂರುವ ಹಾಗೆಯೇ ಇದೂ.

ಈ ಮೂವರೂ ಒಪ್ಪಿದರೆ ಕೆಲಸ ಆದಂತೆ ಎಂದು ತಿಳಿಯಬೇಡಿ. ನೀರು ಹೊರುವವರು ಹೆಂಗಸರು. ಊರ ಸಭೆಯಲ್ಲಿ ಗಂಡಸರ ಮುಂದೆ ಅವರು ಬಾಯಿ ಬಿಡುವುದು ಕಡಿಮೆ. ಅವರನ್ನು ಬೇರೆಯಾಗಿ, ಸಾಧ್ಯವಾದರೆ ಹೆಂಗಸರೇ ಕೂಡಿಸಿ ಕೇಳಬೇಕು: ಈಗ ಯಾವ ಬಾವಿಗೆ ಹೋಗುತ್ತೀರಿ, ಏಪ್ರಿಲ್‌ನಲ್ಲಿ ಎಲ್ಲಿಗೆ ಹೋಗುತ್ತೀರಿ, ಒಂದು ಕೊಡಕ್ಕೆ ಎಷ್ಟು ಹೊತ್ತು ಸರದಿ ಕಾಯುತ್ತೀರಿ. ಪಂಪನ್ನು ಮುಖಂಡನ ಮನೆ ಅಂಗಳಕ್ಕೆ ತಾಗಿಸಿ ಹಾಕಿದರೆ ಬಡವರು, ಊರಿಗೆ ಹೊಸದಾಗಿ ಬಂದವರು, ದನಗಾಹಿ ಫುಲಾನಿ ಮನೆಯವರು ಅತ್ತ ಸುಳಿಯುವುದಿಲ್ಲ. ಯಾರೂ ‘ಬೇಡ’ ಎಂದು ಹೇಳಿರುವುದಿಲ್ಲ, ಆದರೂ ಬರುವುದಿಲ್ಲ.

ಕೆಲಸ ಯಾವ ತಿಂಗಳಲ್ಲಿ ಇಟ್ಟುಕೊಳ್ಳಬೇಕು?

ನವೆಂಬರ್‌ನಿಂದ ಮೇ ಒಳಗೆ. ಜೂನ್ ನಂತರ ಯಾರಿಗೂ ಪುರುಸೊತ್ತಿಲ್ಲ. ಬಿತ್ತನೆಯ ಹತ್ತು ದಿನ ತಪ್ಪಿದರೆ ವರ್ಷದ ಊಟ ತಪ್ಪುತ್ತದೆ. ಬೆರ್ನಾರ್ ಲೆದೆಯಾ ಉಎದ್ರಾಓಗೊ 1967ರಲ್ಲಿ ಯಾತೆಂಗಾದಲ್ಲಿ ಹಳೆಯ ಯುವಕರ ಕೂಟಗಳನ್ನೇ ಆಧಾರ ಮಾಡಿಕೊಂಡು ‘ನಾಮ್’ ಗುಂಪುಗಳನ್ನು ಕಟ್ಟಿದರು. 1970ರ ದಶಕದಲ್ಲಿ ಅದರಿಂದ ಬೆಳೆದ ಸಂಘಟನೆಯ ಹೆಸರೇ ‘ಸವನ್ನಾ ಮತ್ತು ಸಹೇಲ್‌ನ ಒಣಗಾಲವನ್ನು ಬಳಸಿಕೊಳ್ಳುವುದು’ ಎಂದಿತ್ತು. ಆ ಹೆಸರಿನಲ್ಲೇ ಕೆಲಸದ ಪಂಚಾಂಗವಿದೆ.

ಕೊಳವೆಬಾವಿ ಎಷ್ಟು ಆಳ, ಎಷ್ಟು ನೀರು? ಗುತ್ತಿಗೆಯಲ್ಲಿ ಏನೇನು ಬರೆಸಬೇಕು?

ಕೆಳಗಿರುವುದು ಬಹುಪಾಲು ನಮ್ಮ ದಖ್ಖನ್‌ನಂತೆಯೇ ಹಳೆಯ ಗಟ್ಟಿ ಬಂಡೆ. ಮೇಲೆ ಕೊಳೆತ ಕಲ್ಲಿನ ಪದರ, ಅದರಡಿ ಬಿರುಕುಗಳು. ನೀರು ಸಿಗುವುದು ಈ ಎರಡರ ನಡುವೆ. ಸಾಮಾನ್ಯವಾಗಿ 40ರಿಂದ 80 ಮೀಟರ್ ಆಳ ಕೊರೆಯುತ್ತಾರೆ. ಕೈಪಂಪಿಗೆ ಗಂಟೆಗೆ 700 ಲೀಟರ್ ಬಂದರೂ ಸಾಕು. ಒಂದು ಪಂಪಿಗೆ 300 ಜನ, ತಲೆಗೆ ದಿನಕ್ಕೆ 20 ಲೀಟರ್ ಎಂಬುದು ಬುರ್ಕಿನಾ ಮತ್ತು ಘಾನಾ ಎರಡೂ ಕಡೆ ಇರುವ ಮಾನದಂಡ.

ಗುತ್ತಿಗೆಯಲ್ಲಿ ತಪ್ಪದೆ ಇರಬೇಕಾದದ್ದು: ಬಾವಿ ಫೇಲಾದರೆ ಹಣ ಯಾರ ಮೇಲೆ ಬೀಳುತ್ತದೆ ಎಂಬುದು. ಇದನ್ನು ಬರೆಸದ ಕಾರಣಕ್ಕೆ ಮೊದಲ ಬಾವಿ ಒಣಗಿ ಹೋದಾಗ ಎರಡನೆಯದಕ್ಕೆ ಹಣವಿಲ್ಲದೆ ನಿಂತ ಕೆಲಸಗಳು ಬಹಳ. ಕೊರೆಯುವ ಮುನ್ನ ಭೂಭೌತ ಸಮೀಕ್ಷೆ ಮಾಡಿಸಿ ಕನಿಷ್ಠ ಮೂರು ಜಾಗ ಗುರುತು ಹಾಕಿಸಿಕೊಳ್ಳಿ. ಕೇಸಿಂಗಿಗೂ ಬಾವಿಯ ಗೋಡೆಗೂ ನಡುವೆ ಮೇಲಿನ ಐದಾರು ಮೀಟರ್ ಸಿಮೆಂಟ್ ತುಂಬಿಸಬೇಕು, ಇಲ್ಲದಿದ್ದರೆ ಮೇಲಿನ ಕೊಳಕು ನೀರು ನೇರ ಒಳಗಿಳಿಯುತ್ತದೆ. ಹತ್ತಿರದ ಪಾಯಿಖಾನೆ ಗುಂಡಿಯಿಂದ ಕನಿಷ್ಠ 30 ಮೀಟರ್ ದೂರ ಇರಲಿ.

ಕೊರೆಯಲು ಒಳ್ಳೆಯ ಕಾಲ ಮಾರ್ಚ್‌ನಿಂದ ಮೇ. ಅಂತರ್ಜಲ ತಳ ಹಿಡಿದಿರುವಾಗ ನೀರು ಬಂದರೆ ವರ್ಷವಿಡೀ ಬರುತ್ತದೆ. ಅಕ್ಟೋಬರ್‌ನಲ್ಲಿ ಕೊರೆದು, ತುಂಬಿದ ನೀರು ನೋಡಿ ಪಂಪಿನ ನೀರೆತ್ತುವ ಸಿಲಿಂಡರನ್ನು ಮೇಲೆಯೇ ನಿಲ್ಲಿಸಿದರೆ ಏಪ್ರಿಲ್‌ಗೆ ಪಂಪು ಗಾಳಿ ಎಳೆಯುತ್ತದೆ. ಬಾವಿಯಲ್ಲಿ ನೀರಿದ್ದೂ ಕೊಡಕ್ಕೆ ಬಾರದ ಸ್ಥಿತಿ ಅದು.

ಪಂಪು ಕೂರಿಸುವ ಮೊದಲೇ ನೀರಿನ ಪರೀಕ್ಷೆ ಆಗಬೇಕು. ಯಾತೆಂಗಾ ಭಾಗದ ಕೆಲವು ಬಾವಿಗಳಲ್ಲಿ ಆರ್ಸೆನಿಕ್ ಇದೆ. ಘಾನಾದ ಮೇಲ್ಪೂರ್ವ ಪ್ರಾಂತ್ಯದ ಬೊಂಗೊ ಸುತ್ತಮುತ್ತ ಫ್ಲೋರೈಡ್ ಹೆಚ್ಚು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕಾಣುತ್ತದೆ. ಕೋಲಾರ, ಪಾವಗಡದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಇದ್ದರೆ ಆ ಬಾವಿಯನ್ನು ಕುಡಿಯುವ ನೀರಿಗೆ ಬಿಡಬೇಡಿ.

ಯಾವ ಕೈಪಂಪು ಹಾಕಬೇಕು?

ಆ ಜಿಲ್ಲೆಯಲ್ಲಿ ಬಿಡಿಭಾಗ ಸಿಗುವ ಪಂಪನ್ನು. ಬೇರೆ ಯಾವ ಗುಣವೂ ಇದಕ್ಕಿಂತ ಮುಖ್ಯವಲ್ಲ. ಘಾನಾ ನಾಲ್ಕು ಮಾದರಿಗಳನ್ನು ಮಾತ್ರ ಒಪ್ಪಿಕೊಂಡಿದೆ: ತನಗೆ ತಕ್ಕಂತೆ ಮಾರ್ಪಡಿಸಿಕೊಂಡ ಇಂಡಿಯಾ ಮಾರ್ಕ್ 2, ಆಫ್ರಿದೇವ್, ನೀರಾ ಮತ್ತು ವೆರ್ನ್ಯೆ. ಮಾಲಿಯಲ್ಲಿ ‘ಇಂಡಿಯಾ-ಮಾಲಿ’ ಎಂಬ ಹೆಸರಿನ ಪಂಪೇ ಇದೆ. ಸೊಲ್ಲಾಪುರದಲ್ಲಿ ಹುಟ್ಟಿದ ಒಂದು ಮಾದರಿಯನ್ನು ಭಾರತ ಸರ್ಕಾರ ಮತ್ತು ಯುನಿಸೆಫ್ 1970ರ ದಶಕದಲ್ಲಿ ತಿದ್ದಿ ಮಾರ್ಕ್ 2 ಮಾಡಿದವು. ನಮ್ಮ ಹಳ್ಳಿಗಳಲ್ಲಿ ‘ಬೋರಿಂಗು’ ಎಂದು ಕರೆಯುವ ಅದೇ ಪಂಪನ್ನು ಇಂದು ಮಾಲಿಯ ರಾಜಧಾನಿ ಬಮಾಕೊ ಆಚೆಯ ಊರುಗಳಲ್ಲೂ ಒತ್ತುತ್ತಾರೆ.

ಮಾರ್ಕ್ 2 ಗಟ್ಟಿಮುಟ್ಟು, 50 ಮೀಟರ್ ಆಳದವರೆಗೂ ಎಳೆಯುತ್ತದೆ. ಅದರ ತೊಂದರೆ ಬಿಚ್ಚುವಾಗ. ಸಿಲಿಂಡರಿನ ವಾಷರು ಬದಲಿಸಲು ಇಡೀ ಪೈಪಿನ ಸಾಲನ್ನು ಮೇಲೆತ್ತಬೇಕು. 30 ಮೀಟರ್ ಆಳವಿದ್ದರೆ ಮೂರು ಮೀಟರಿನ ಹತ್ತು ಜಿಐ ಪೈಪು, ಅವುಗಳೊಳಗಿನ ರಾಡು, ತುಂಬಿದ ನೀರು, ಎಲ್ಲ ಸೇರಿ ನೂರು ಕಿಲೋ ಮೀರುತ್ತದೆ. ಮುಕ್ಕಾಲಿ, ಕ್ಲ್ಯಾಂಪು, ನಾಲ್ಕು ಜನ ಬೇಕು. ಆಫ್ರಿದೇವ್‌ಗೆ ಪಿವಿಸಿ ಪೈಪು. ಪೈಪನ್ನು ಅಲ್ಲಾಡಿಸದೆ ರಾಡಿನ ಜೊತೆ ಪಿಸ್ಟನ್ನನ್ನೂ ತಳದ ವಾಲ್ವನ್ನೂ ಹೊರಗೆಳೆಯಬಹುದು. ಒಂದೇ ಸ್ಪ್ಯಾನರಿನಲ್ಲಿ ಊರಿನ ಹೆಂಗಸರೇ ಮಾಡಿಕೊಳ್ಳುತ್ತಾರೆ. ನೀರು ತೀರ ಆಳದಲ್ಲಿಲ್ಲದಿದ್ದರೆ, ಬಿಡಿಭಾಗವೂ ಹತ್ತಿರದಲ್ಲಿ ಸಿಗುವಂತಿದ್ದರೆ ಆಫ್ರಿದೇವ್ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಪಂಪು ಸರಿಯಾಗಿ ನೀರು ಕೊಡುತ್ತಿಲ್ಲ. ಬಿಚ್ಚದೆಯೇ ದೋಷ ತಿಳಿಯಬಹುದೇ?

ತಿಳಿಯಬಹುದು. ಒಂದು ಗಡಿಯಾರ, ಅಳತೆ ಗೊತ್ತಿರುವ ಒಂದು ಬಕೆಟ್ ಸಾಕು.

ಮೊದಲು ನೀರು ಸಲೀಸಾಗಿ ಬರುವವರೆಗೆ ಒತ್ತಿ. ಆಮೇಲೆ ಬಕೆಟ್ ಇಟ್ಟು ಒಂದು ನಿಮಿಷಕ್ಕೆ ಸರಿಯಾಗಿ 40 ಸಲ, ಹಿಡಿಕೆಯನ್ನು ಪೂರ್ತಿ ಮೇಲೆ ಪೂರ್ತಿ ಕೆಳಗೆ ಆಡಿಸಿ. ಮಾರ್ಕ್ 2 ಪಂಪಿನಲ್ಲಿ ಹತ್ತು ಲೀಟರಿಗಿಂತ ಕಡಿಮೆ ಬಂದರೆ ಕಪ್ ವಾಷರು ಸವೆದಿದೆ, ಇಲ್ಲವೇ ನೀರಿನ ಮಟ್ಟ ಇಳಿದಿದೆ. ನಂತರ ಪಂಪನ್ನು ಅರ್ಧ ಗಂಟೆ ಯಾರೂ ಮುಟ್ಟದಂತೆ ಬಿಡಿ. ಮತ್ತೆ ಒತ್ತಿ ಎಣಿಸಿ. ಐದು ಒತ್ತಿನೊಳಗೆ ನೀರು ಬಂದರೆ ಸರಿ. ಹೆಚ್ಚು ಬೇಕಾದರೆ ತಳದ ವಾಲ್ವು ಸೋರುತ್ತಿದೆ ಅಥವಾ ಯಾವುದೋ ಪೈಪಿನ ಜಾಯಿಂಟು ತೂತಾಗಿದೆ.

ಹಿಡಿಕೆ ಇದ್ದಕ್ಕಿದ್ದಂತೆ ಹಗುರವಾಗಿ, ಹನಿಯೂ ಬಾರದಿದ್ದರೆ ರಾಡು ಬಿಚ್ಚಿಕೊಂಡಿದೆ ಅಥವಾ ಮುರಿದಿದೆ. ಹಿಡಿಕೆ ಅಕ್ಕಪಕ್ಕ ಅಲ್ಲಾಡಿದರೆ ಬೇರಿಂಗು ಹೋಗಿದೆ. ಹಾಗೆಯೇ ನಡೆಸಿದರೆ ಪಂಪಿನ ತಲೆಯೇ ಸವೆಯುತ್ತದೆ, ಖರ್ಚು ಹತ್ತುಪಟ್ಟು. ಒತ್ತುವಾಗ ಚೈನು ಕಿರುಗುಟ್ಟಿದರೆ ಗ್ರೀಸ್ ಹಾಕಿ ಬಹಳ ದಿನವಾಗಿದೆ; ತಿಂಗಳಿಗೊಮ್ಮೆ ಹಾಕಬೇಕು, ಅದೇ ದಿನ ಬೋಲ್ಟುಗಳನ್ನೂ ಬಿಗಿ ಮಾಡಬೇಕು. ನೀರಿನ ಜೊತೆ ಮರಳು ಬಂದರೆ ದೋಷ ಪಂಪಿನದಲ್ಲ, ಬಾವಿಯದು: ಜರಡಿ ಪೈಪು ಒಡೆದಿದೆ ಅಥವಾ ಸುತ್ತಲಿನ ಜಲ್ಲಿ ಸರಿಯಾಗಿ ಕೂತಿಲ್ಲ. ಇದನ್ನು ವಾಷರು ಬದಲಿಸಿ ಸರಿಮಾಡಲಾಗದು, ಹೊಸ ವಾಷರನ್ನೂ ಮರಳು ತಿಂದು ಹಾಕುತ್ತದೆ.

ಬಿಚ್ಚಿ ಜೋಡಿಸಿದ ಮೇಲೆ ಬಾವಿಗೆ ಕ್ಲೋರಿನ್ ಹಾಕುವುದನ್ನು ಮರೆಯುವವರು ಹೆಚ್ಚು. 125 ಮಿಲಿಮೀಟರ್ ಕೇಸಿಂಗಿನಲ್ಲಿ ಒಂದು ಮೀಟರಿಗೆ ಸುಮಾರು 12 ಲೀಟರ್ ನೀರಿರುತ್ತದೆ. 40 ಮೀಟರ್ ನೀರಿದ್ದರೆ 490 ಲೀಟರ್. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಸಿಗಬೇಕಾದರೆ 70 ಪರ್ಸೆಂಟಿನ ಹೈಪೋಕ್ಲೋರೈಟ್ ಪುಡಿ 35 ಗ್ರಾಂ ಸಾಕು. ಬಕೆಟ್ ನೀರಿನಲ್ಲಿ ಕದಡಿ ಸುರಿದು, ಪಂಪಿನ ಬಾಯಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ಒತ್ತಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವಾಸನೆ ಹೋಗುವವರೆಗೆ ನೀರನ್ನು ಹೊರಚೆಲ್ಲಬೇಕು.

ನೀರು ಕೆಂಪಗಿದೆ, ಅನ್ನ ಕಪ್ಪಾಗುತ್ತದೆ ಎಂದು ಹೆಂಗಸರು ಪಂಪು ಬಿಟ್ಟು ಹಳ್ಳಕ್ಕೆ ಹೋಗುತ್ತಿದ್ದಾರೆ. ಏನು ಕಾರಣ?

ಅವರ ದೂರು ನಿಜ. ಈ ಭಾಗದ ಅಂತರ್ಜಲ ಬಹಳ ಕಡೆ ಹುಳಿ ಗುಣದ್ದು. ಪಿಎಚ್ 6.5ಕ್ಕಿಂತ ಕೆಳಗಿದ್ದರೆ ಜಿಐ ಪೈಪಿನ ಸತುವಿನ ಲೇಪ ಬೇಗ ಕರಗಿ, ಕಬ್ಬಿಣ ನೀರಿಗೆ ಬಿಡುತ್ತದೆ. ಆದರೆ ಕಬ್ಬಿಣ ನೆಲದಿಂದಲೇ ಬರುತ್ತಿರಲೂಬಹುದು. ಎರಡನ್ನೂ ಬೇರ್ಪಡಿಸಲು ಬೆಳಗಿನ ಜಾವ ಮೊದಲ ಕೊಡದ ನೀರನ್ನು ಒಂದು ಪಾರದರ್ಶಕ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಬಿಡದೆ ಒತ್ತಿ ಇನ್ನೊಂದು ಬಾಟಲಿ ಹಿಡಿಯಿರಿ. ಎರಡನ್ನೂ ಕೆಲವು ಗಂಟೆ ತೆರೆದಿಡಿ. ಮೊದಲನೆಯದು ಕೆಂಪು, ಎರಡನೆಯದು ತಿಳಿಯಾಗಿದ್ದರೆ ಪೈಪು ತುಕ್ಕು ಹಿಡಿದಿದೆ. ಸ್ಟೇನ್‌ಲೆಸ್ ಅಥವಾ ಪಿವಿಸಿ ಪೈಪಿಗೆ ಬದಲಿಸಿ. ಎರಡೂ ಕೆಂಪಾಗಿದ್ದರೆ ಕಬ್ಬಿಣ ನೆಲದ್ದು, ಪೈಪು ಬದಲಿಸಿ ಪ್ರಯೋಜನವಿಲ್ಲ.

ರಿಪೇರಿಗೆ ಹಣ ಎಲ್ಲಿಂದ? ದೇಣಿಗೆ ಕೊಟ್ಟವರೇ ಕಳಿಸುತ್ತಿದ್ದರೆ ಆಗದೇ?

ಆಗದು. 2009ರಲ್ಲಿ ಸಹಾರಾದ ದಕ್ಷಿಣದ 20 ದೇಶಗಳ ಲೆಕ್ಕ ಒಟ್ಟುಗೂಡಿಸಿದಾಗ ನೂರರಲ್ಲಿ ಸುಮಾರು 36 ಕೈಪಂಪುಗಳು ನಿಂತಿದ್ದವು. ಅವುಗಳಲ್ಲಿ ಬಹಳಷ್ಟರ ಬಾವಿಯಲ್ಲಿ ನೀರಿತ್ತು, ಇಲ್ಲದಿದ್ದದ್ದು ವಾಷರಿನ ಹಣ ಮತ್ತು ಅದನ್ನು ತರುವ ಜವಾಬ್ದಾರಿ ಹೊತ್ತವರು.

ಒಂದು ಲೆಕ್ಕ ನೋಡಿ. ಊರಿನಲ್ಲಿ 40 ಮನೆ, ಮನೆಗೆ ತಿಂಗಳಿಗೆ 250 ಸಿಎಫ್‌ಎ ಫ್ರಾಂಕ್ (ಬುರ್ಕಿನಾ, ಮಾಲಿ, ನೈಜರ್‌ಗಳ ನಾಣ್ಯ) ಎಂದಿಟ್ಟುಕೊಂಡರೆ ವರ್ಷಕ್ಕೆ 1,20,000 ಫ್ರಾಂಕ್. ಒಂದು ಯೂರೋಗೆ 655.957 ಫ್ರಾಂಕ್ ಎಂಬ ಕಟ್ಟುದರದಲ್ಲಿ ಇದು ಸುಮಾರು 183 ಯೂರೋ. ವಾಷರು, ಗ್ರೀಸ್, ವರ್ಷಕ್ಕೆ ಎರಡು ಸಲ ಮೆಕ್ಯಾನಿಕ್ ಬಂದು ನೋಡುವ ಕೂಲಿ, ಇಷ್ಟಕ್ಕೆ ಹಿಡಿದು ಒಂದಿಷ್ಟು ಉಳಿಯಬೇಕು. ಮೊತ್ತವನ್ನು ಊರಿನವರೇ ನಿಗದಿ ಮಾಡಲಿ, ಆದರೆ ಬಿಡಿಭಾಗದ ಅಂಗಡಿಯಿಂದ ದರಪಟ್ಟಿ ತಂದು ಮುಂದಿಟ್ಟುಕೊಂಡು ಮಾಡಲಿ.

ಎಲ್ಲಿ ಕೆಡುತ್ತದೆ? ತಿಂಗಳು ತಿಂಗಳು ವಸೂಲಿ ಎಂದು ಕಾಗದದಲ್ಲಿ ಬರೆದಿರುತ್ತಾರೆ, ಆದರೆ ರೈತರ ಕೈಯಲ್ಲಿ ಕಾಸು ಓಡಾಡುವುದು ಸುಗ್ಗಿಯಾದ ಮೇಲೆ, ನವೆಂಬರ್‌ನಿಂದ ಜನವರಿಯವರೆಗೆ. ವರ್ಷದ ಹಣವನ್ನು ಆಗಲೇ ಎತ್ತುವುದು ವಾಸಿ. ಬಿಂದಿಗೆಗಿಷ್ಟು ಎಂದು ವಸೂಲಿ ಮಾಡುವ ಊರುಗಳಲ್ಲಿ ಮಳೆಗಾಲಕ್ಕೆ ಆದಾಯ ನೆಲಕಚ್ಚುತ್ತದೆ, ಏಕೆಂದರೆ ಜನ ಪುಕ್ಕಟೆ ಸಿಗುವ ಹೊಂಡದ ನೀರಿಗೆ ಹೋಗುತ್ತಾರೆ. ಹೊಟ್ಟೆ ಕೆಡುವ ಕಾಲವೂ ಅದೇ. ಇನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟ ಹಣ ಸಾವಿಗೋ ಮದುವೆಗೋ ಸಾಲವಾಗಿ ಹೋಗಿ ವಾಪಸಾಗುವುದಿಲ್ಲ. ಖಜಾಂಚಿ ಕೆಟ್ಟವರೆಂದಲ್ಲ, ಅಣ್ಣನ ಮಗು ಆಸ್ಪತ್ರೆಯಲ್ಲಿದ್ದಾಗ ಇಲ್ಲವೆನ್ನುವುದು ಯಾರಿಗೂ ಆಗದು. ಅದಕ್ಕೇ ಹಣವನ್ನು ಮೊಬೈಲ್ ಖಾತೆಯಲ್ಲೋ ಸಹಕಾರಿ ಬ್ಯಾಂಕಿನಲ್ಲೋ ಇಬ್ಬರ ಒಪ್ಪಿಗೆಯಿಲ್ಲದೆ ತೆಗೆಯಲಾಗದಂತೆ ಇಡಬೇಕು. ಬಾಕಿ ಎಷ್ಟಿದೆಯೆಂದು ಎಲ್ಲರೆದುರು ಓದಿ ಹೇಳುವ ಒಂದು ದಿನ ಗೊತ್ತಾಗಿರಬೇಕು.

‘ಝಾಯ್’ ಗುಂಡಿ ಎಂದರೇನು? ಎಷ್ಟು ಅಗೆಯಬೇಕು?

ಗಟ್ಟಿಯಾಗಿ ಹೆಪ್ಪುಗಟ್ಟಿ, ಮಳೆ ಬಿದ್ದರೆ ಹರಿದೇ ಹೋಗುವ ಬರಡು ನೆಲಕ್ಕೆ ಮೊಸ್ಸಿ ಜನರ ಮೋರೆ ಭಾಷೆಯಲ್ಲಿ ‘ಜಿಪೆಲ್ಲೆ’ ಎನ್ನುತ್ತಾರೆ. ಅಂಥ ನೆಲವನ್ನು ಮತ್ತೆ ಬಿತ್ತುವಂತೆ ಮಾಡುವ ಹಳೆಯ ಉಪಾಯ ಝಾಯ್. ಯಾತೆಂಗಾದ ಊಯಿಗೂಯಾ ಪಟ್ಟಣದ ಹತ್ತಿರದ ಗುರ್ಗಾ ಊರಿನ ರೈತ ಯಾಕುಬಾ ಸವಾಡೊಗೊ 1980ರ ಆಸುಪಾಸಿನಲ್ಲಿ ಗುಂಡಿಯನ್ನು ದೊಡ್ಡದು ಮಾಡಿ, ಗೊಬ್ಬರ ಸೇರಿಸಿ ಸುಧಾರಿಸಿದರು. ಬರಡಿನ ಮೇಲೆ ಕಾಡನ್ನೇ ಬೆಳೆಸಿದ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2023ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 1989ರಲ್ಲಿ ನೈಜರ್‌ನ ಇಲ್ಲೆಲಾ ಭಾಗದ 13 ರೈತರು ಯಾತೆಂಗಾಕ್ಕೆ ಬಂದು ನೋಡಿ, ಮರಳಿ ಹೋಗಿ ತಮ್ಮ ಹೊಲದಲ್ಲಿ ಮಾಡಿದರು. ಅಲ್ಲಿ ಅದರ ಹೆಸರು ‘ತಸ್ಸಾ’.

ಗುಂಡಿಯ ಅಗಲ 20ರಿಂದ 30 ಸೆಂಟಿಮೀಟರ್, ಆಳ 15ರಿಂದ 20. ಅಗೆದ ಮಣ್ಣನ್ನು ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದಂತೆ ಒತ್ತಬೇಕು, ಹರಿದು ಬರುವ ನೀರು ಒಳಗೆ ನಿಲ್ಲಲೆಂದು. ಮುಂದಿನ ಸಾಲಿನ ಗುಂಡಿ ಮೇಲಿನ ಎರಡು ಗುಂಡಿಗಳ ನಡುವೆ ಬರಲಿ. 80 ಸೆಂಟಿಮೀಟರಿಗೊಂದರಂತೆ ಹಾಕಿದರೆ ಹೆಕ್ಟೇರಿಗೆ 15,625 ಗುಂಡಿ, ಅಂದರೆ ಎಕರೆಗೆ ಸುಮಾರು 6,300. ಗುಂಡಿಗೆ 300 ಗ್ರಾಂ ಕಳಿತ ಗೊಬ್ಬರದಂತೆ ಹೆಕ್ಟೇರಿಗೆ 4.7 ಟನ್. ಜನವರಿಯಿಂದ ಏಪ್ರಿಲ್‌ವರೆಗೆ ಅಗೆದು, ಗೊಬ್ಬರ ಹಾಕಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚುತ್ತಾರೆ. ಮೊದಲ ಹದಮಳೆಗೆ ಜೋಳ ಅಥವಾ ಸಜ್ಜೆಯನ್ನು ಗುಂಡಿಯೊಳಗೇ ಬಿತ್ತುತ್ತಾರೆ.

ಒಣಗಾಲದಲ್ಲೇ ಗೊಬ್ಬರ ಹಾಕುವುದು ಗೆದ್ದಲನ್ನು ಕರೆಯಲು. ಅವು ಗೊಬ್ಬರ ತಿನ್ನಲು ಬಂದು ಗಟ್ಟಿ ಪದರದೊಳಗೆ ಸಣ್ಣ ಸುರಂಗಗಳನ್ನು ಕೊರೆಯುತ್ತವೆ. ಮಳೆ ಬಂದಾಗ ನೀರು ಆ ದಾರಿ ಹಿಡಿದು ಕೆಳಗಿಳಿಯುತ್ತದೆ. ಗುದ್ದಲಿ ಒಂದು ಗೇಣು ಅಗೆದರೆ ಉಳಿದ ಆಳವನ್ನು ಗೆದ್ದಲು ಅಗೆಯುತ್ತದೆ. ಗೆದ್ದಲ ಔಷಧಿ ಹೊಡೆದವರ ಹೊಲದಲ್ಲಿ ಝಾಯ್ ಬರೀ ಗುಂಡಿಯಾಗಿ ಉಳಿಯುತ್ತದೆ.

ಸೋಲುವುದು ಹೀಗೆ: ಗೊಬ್ಬರವಿಲ್ಲದೆ ಗುಂಡಿ ಮಾತ್ರ ತೋಡಿದರೆ ನೀರು ನಿಂತರೂ ಬೆಳೆಗೆ ಬಲವಿಲ್ಲ. ಹಸಿ ಗೊಬ್ಬರ ಹಾಕಿದರೆ ಮಳೆ ತಡವಾದ ವರ್ಷ ಮೊಳಕೆ ಸುಟ್ಟುಹೋಗುತ್ತದೆ. ಮರಳುನೆಲದಲ್ಲಿ ಗುಂಡಿ ನಿಲ್ಲುವುದಿಲ್ಲ. 800 ಮಿಲಿಮೀಟರಿಗಿಂತ ಹೆಚ್ಚು ಮಳೆಯಿರುವ ಕಡೆ ನೀರು ನಿಂತು ಬೇರು ಕೊಳೆಯುತ್ತದೆ. ಜೊತೆಗೆ ಹೆಕ್ಟೇರಿಗೆ ಮುನ್ನೂರು ಗಂಟೆಗೂ ಮೀರಿದ ದುಡಿಮೆ ಬೇಕು. ಗಂಡಾಳುಗಳೆಲ್ಲ ಚಿನ್ನದ ಗಣಿಗೋ ನೆರೆಯ ಕೋಟ್ ಡಿವಾರ್ (ಐವರಿ ಕೋಸ್ಟ್) ದೇಶಕ್ಕೋ ದುಡಿಯಲು ಹೋಗಿರುವ ಮನೆಗೆ ಒಂದೇ ವರ್ಷದಲ್ಲಿ ಒಂದು ಹೆಕ್ಟೇರ್ ಮಾಡಿ ಎನ್ನುವುದು ತಪ್ಪು. ಕಾಲು ಹೆಕ್ಟೇರಿನಿಂದ ಶುರುವಾಗಲಿ.

ಕಲ್ಲಿನ ಬದುವಿಗೆ ಸರ್ವೇಯರ್ ಬೇಕೇ?

ಬೇಡ. ನಮ್ಮ ಗಾರೆ ಕೆಲಸದವರ ಬಳಿ ಇರುವ ಲೆವೆಲ್ ಪೈಪೇ ಸಾಕು. 1980ರ ದಶಕದಲ್ಲಿ ಯಾತೆಂಗಾದಲ್ಲಿ ಆಕ್ಸ್‌ಫಾಮ್ ನೆರವಿನ ಯೋಜನೆ ರೈತರಿಗೆ ಕಲಿಸಿದ್ದೂ ಇದನ್ನೇ. ಓದು ಬರಹ ಬಾರದವರೂ ಬೇಗ ಕಲಿತರು.

ಹತ್ತರಿಂದ ಇಪ್ಪತ್ತು ಮೀಟರಿನ ಪಾರದರ್ಶಕ ಪೈಪು, ಒಂದೇ ಎತ್ತರದ ಎರಡು ಕೋಲು. ಕೋಲುಗಳ ಮೇಲೆ ಒಂದೇ ಅಳತೆಯಲ್ಲಿ ಗೆರೆ ಎಳೆದು, ಪೈಪಿನ ಎರಡು ತುದಿಗಳನ್ನು ಕಟ್ಟಿ, ನೀರು ತುಂಬಿ. ಗಾಳಿಗುಳ್ಳೆ ಒಂದೂ ಉಳಿಯಬಾರದು, ಉಳಿದರೆ ಓದು ಸುಳ್ಳಾಗುತ್ತದೆ. ಒಬ್ಬರು ಮೊದಲ ಗೂಟದ ಹತ್ತಿರ ನಿಲ್ಲಲಿ. ಇನ್ನೊಬ್ಬರು ಪೈಪಿನಳತೆಗೆ ಸಾಗಿ, ಎರಡು ಕೋಲುಗಳಲ್ಲೂ ನೀರು ಒಂದೇ ಗೆರೆಗೆ ನಿಲ್ಲುವವರೆಗೆ ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಯಲಿ. ಸಿಕ್ಕ ಜಾಗಕ್ಕೆ ಗೂಟ ಹೊಡೆಯಿರಿ. ನಡೆಯುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿಕೊಳ್ಳಬೇಕು, ನೀರು ಚೆಲ್ಲಿದರೆ ಮತ್ತೆ ಮೊದಲಿನಿಂದ. ಗೂಟಗಳ ಸಾಲು ತೀರ ಅಂಕುಡೊಂಕಾಗಿದ್ದರೆ ಸ್ವಲ್ಪ ನೇರ ಮಾಡಿಕೊಳ್ಳಬಹುದು.

ಗೂಟದ ಸಾಲಿಗೆ ಐದರಿಂದ ಹತ್ತು ಸೆಂಟಿಮೀಟರ್ ಆಳದ ಕಾಲುವೆ ತೆಗೆದು ಕಲ್ಲು ಕೂರಿಸಿ. ದೊಡ್ಡ ಕಲ್ಲು ಕೆಳಬದಿಗೆ, ಸಣ್ಣವು ಮೇಲ್ಬದಿಗೆ. ಎತ್ತರ 25ರಿಂದ 30 ಸೆಂಟಿಮೀಟರ್ ಸಾಕು. ಇದು ನೀರು ತಡೆಯುವ ಒಡ್ಡಲ್ಲ, ನೀರಿನ ಓಟ ಮುರಿಯುವ ಜಾಲರಿ. ನೀರು ಕಲ್ಲಿನ ಸಂದಿಯಿಂದ ಸೋಸಿ ಹೋಗಬೇಕು. ಮಣ್ಣು ಮೆತ್ತಿ ಸಂದಿ ಮುಚ್ಚಿದರೆ ಹಿಂದೆ ನೀರು ಕಟ್ಟಿ, ಎಲ್ಲೋ ಒಂದು ಕಡೆ ಕಿತ್ತುಕೊಂಡು ಕೊರಕಲಾಗುತ್ತದೆ. ಬದುವಿನ ಸಾಲುಗಳ ನಡುವೆ 15ರಿಂದ 30 ಮೀಟರ್ ಅಂತರ, ಇಳಿಜಾರು ಹೆಚ್ಚಿದ್ದರೆ ಇನ್ನೂ ಹತ್ತಿರ. ಮೇಲಿನ ಹೊಲದಿಂದ ಶುರು ಮಾಡಬೇಕು. ಕೆಳಗಿನವರು ಮೊದಲು ಕಟ್ಟಿದರೆ ಮೇಲಿನ ನೀರೆಲ್ಲ ಅವರ ಬದುವನ್ನೇ ಹೊಡೆಯುತ್ತದೆ.

ಎಲ್ಲಕ್ಕಿಂತ ಕಷ್ಟ ಕಲ್ಲು ಸಾಗಿಸುವುದು. ಹೆಕ್ಟೇರಿಗೆ ಹತ್ತಾರು ಟನ್ ಬೇಕಾಗುತ್ತದೆ, ಹತ್ತಿರದ ಕಲ್ಲು ಬೇಗ ಮುಗಿಯುತ್ತದೆ. ಹೊರಗಿನ ಹಣಕ್ಕೆ ಸರಿಯಾದ ಜಾಗ ಇದು: ಲಾರಿ ಬಾಡಿಗೆ, ಕತ್ತೆಗಾಡಿ, ಹಾರೆ, ಕೈಗವಸು. ಬದು ಕಟ್ಟುವ ಕೂಲಿಯನ್ನು ಹೊರಗಿನವರು ಕೊಡಲು ಶುರು ಮಾಡಿದರೆ ಮುಂದಿನ ವರ್ಷದ ದುರಸ್ತಿಗೂ ಕೂಲಿಗಾಗಿ ಕಾಯುತ್ತಾರೆ.

ಸಾವಿರ ಸಸಿ ಕೊಡಿಸಬಹುದೇ?

ಕೊಡಿಸುವ ಮೊದಲು ಹೊಲದಲ್ಲಿ ಕಾಲ ಕೆಳಗೆ ನೋಡಿ. ಎಂಟು ತಿಂಗಳ ಒಣಗಾಲಕ್ಕೆ, ಅಡ್ಡಾಡುವ ಆಡುಗಳಿಗೆ ನೆಟ್ಟ ಸಸಿ ಉಳಿಯುವುದು ಕಡಿಮೆ. ಆದರೆ ಕಡಿದ ಮರಗಳ ಬೊಡ್ಡೆ ನೆಲದಡಿ ಜೀವಂತವಾಗಿರುತ್ತದೆ. 1983ರ ಸುಮಾರಿಗೆ ನೈಜರ್‌ನ ಮರಾಡಿಯಲ್ಲಿ ಆಸ್ಟ್ರೇಲಿಯಾದ ಕೃಷಿತಜ್ಞ ಟೋನಿ ರಿನಾಡೊ ಇದನ್ನೇ ಹಿಡಿದು ಕೆಲಸ ಶುರು ಮಾಡಿದರು. ಹೀಗೆ ರೈತರು ಮರ ಉಳಿಸಿಕೊಂಡ ಹೊಲ ನೈಜರ್‌ನಲ್ಲಿ ಇಂದು ಸುಮಾರು 50 ಲಕ್ಷ ಹೆಕ್ಟೇರ್.

ಬೊಡ್ಡೆಯಿಂದ ಎದ್ದ ಚಿಗುರುಗಳಲ್ಲಿ ನೆಟ್ಟಗಿರುವ ಮೂರರಿಂದ ಐದನ್ನು ಬಿಟ್ಟು ಉಳಿದವನ್ನು ಕತ್ತರಿಸಿ. ಬಿಟ್ಟ ಚಿಗುರಿನ ಕೆಳಗಿನ ಅರ್ಧದ ಕವಲುಗಳನ್ನು ಸವರಿ. ಮುಂದೆ ಸೌದೆಗೆಂದು ವರ್ಷಕ್ಕೊಂದನ್ನು ತೆಗೆದು, ಬದಲಿಗೆ ಹೊಸ ಚಿಗುರೊಂದನ್ನು ಬಿಡಿ. ಹೌಸಾ ರೈತರು ‘ಗಾವೊ’ ಎನ್ನುವ ಫೈಡರ್ಬಿಯಾ ಮರ ಸಿಕ್ಕರೆ ಭಾಗ್ಯ: ಮಳೆಗಾಲದಲ್ಲಿ ಎಲೆ ಉದುರಿಸಿ ಬೆಳೆಗೆ ಬಿಸಿಲು ಬಿಡುತ್ತದೆ, ಒಣಗಾಲದಲ್ಲಿ ಚಿಗುರಿ ದನಕ್ಕೆ ಮೇವು ಕೊಡುತ್ತದೆ.

ಇಲ್ಲಿ ಕೆಡಿಸುವುದು ಕಾನೂನು ಮತ್ತು ದನ. ಫ್ರೆಂಚ್ ಆಡಳಿತದ ಕಾಲದ ಅರಣ್ಯ ಕಾನೂನಿನಲ್ಲಿ ಹೊಲದ ಮರವೂ ಸರ್ಕಾರದ್ದಾಗಿತ್ತು, ತನ್ನ ಮರ ಕಡಿದರೂ ದಂಡ. ಹಾಗಾಗಿ ರೈತರು ಚಿಗುರನ್ನು ಬೆಳೆಯಲೇ ಬಿಡುತ್ತಿರಲಿಲ್ಲ. ಮರದ ಮೇಲಿನ ಹಕ್ಕಿನ ಬಗ್ಗೆ ಸ್ಥಳೀಯ ಅರಣ್ಯ ಇಲಾಖೆಯ ಜೊತೆ ಮೊದಲೇ ಮಾತಾಗಿರಲಿ. ಸುಗ್ಗಿಯ ನಂತರ ಹೊಲಗಳಲ್ಲಿ ದನ ಮೇಯಿಸುವ ಹಕ್ಕು ಫುಲಾನಿ ದನಗಾಹಿಗಳಿಗೆ ತಲೆಮಾರುಗಳಿಂದ ಇದೆ. ಬೇಲಿ ಹಾಕಿ ಅವರ ದಾರಿ ಮುಚ್ಚಿದರೆ ಜಗಳ ಹುಟ್ಟುತ್ತದೆ, ಇಂದಿನ ದಿನಗಳಲ್ಲಿ ಆ ಜಗಳಕ್ಕೆ ಜೀವ ಹೋಗುತ್ತದೆ. ಅವರನ್ನು ಸಭೆಗೆ ಕರೆಯಲೇಬೇಕು.

ಹೆಂಗಸರ ಉಳಿತಾಯ ಗುಂಪಿಗೆ ಮೂಲಧನ ಕೊಡಬಹುದೇ?

ಕೊಡಬೇಡಿ. ಪೆಟ್ಟಿಗೆ ಕೊಡಿಸಿ. 1991ರಲ್ಲಿ ಮರಾಡಿಯಲ್ಲಿ ಕೇರ್ ಸಂಸ್ಥೆ ‘ಮಾತಾ ಮಾಸು ದುಬಾರಾ’ ಎಂಬ ಹೆಸರಿನಲ್ಲಿ ಶುರು ಮಾಡಿದ ಪದ್ಧತಿಯ ಗುಟ್ಟು ಇದು: ಹೊರಗಿನ ಕಾಸು ಒಂದೂ ಇಲ್ಲ. 15ರಿಂದ 25 ಜನ, ವಾರಕ್ಕೊಮ್ಮೆ ಸಭೆ, ಮೂರು ಬೀಗದ ಒಂದು ಕಬ್ಬಿಣದ ಪೆಟ್ಟಿಗೆ, ಮೂರು ಕೀಲಿ ಮೂವರ ಬಳಿ. ಪೆಟ್ಟಿಗೆ ಇಟ್ಟುಕೊಂಡವರ ಬಳಿ ಕೀಲಿ ಇರಬಾರದು. ಇಪ್ಪತ್ತು ಹೆಂಗಸರು ವಾರಕ್ಕೆ 200 ಫ್ರಾಂಕ್ ಹಾಕಿದರೆ ಐವತ್ತು ವಾರಕ್ಕೆ 2,00,000 ಫ್ರಾಂಕ್. ಆ ಹಣವನ್ನೇ ತಮ್ಮೊಳಗೆ ಸಾಲ ಕೊಟ್ಟು, ವರ್ಷದ ಕೊನೆಗೆ ಬಡ್ಡಿಸಹಿತ ಪೂರ್ತಿ ಹಂಚಿಕೊಂಡು ಹೊಸದಾಗಿ ಶುರು ಮಾಡುತ್ತಾರೆ.

ಓದಲು ಬಾರದ ಗುಂಪುಗಳಲ್ಲಿ ಲೆಕ್ಕ ಬಾಯಲ್ಲೇ ಇರುತ್ತದೆ. ಸಭೆ ಮುಗಿಯುವಾಗ ಪೆಟ್ಟಿಗೆಯಲ್ಲಿರುವ ಮೊತ್ತವನ್ನು ಎಲ್ಲರೂ ಗಟ್ಟಿಯಾಗಿ ಹೇಳಿ ನೆನಪಿಟ್ಟುಕೊಳ್ಳುತ್ತಾರೆ. ಮುಂದಿನ ವಾರ ಬೀಗ ತೆಗೆಯುವ ಮುನ್ನ ಆ ಅಂಕಿಯನ್ನು ಮತ್ತೆ ಹೇಳಿ, ಆಮೇಲೆ ಎಣಿಸುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘ ಕಂಡವರಿಗೆ ಬ್ಯಾಂಕ್ ಸಾಲ ಯಾವಾಗ ಎಂಬ ಪ್ರಶ್ನೆ ಏಳುತ್ತದೆ. ಮೊದಲ ಎರಡು ಸುತ್ತು ಬ್ಯಾಂಕಿನ ಮಾತು ಬೇಡ. ಹೊರಗಿನ ಹಣ ಬಂದ ದಿನ ‘ನಮ್ಮದು’ ಎಂಬ ಕಾಳಜಿ ಸಡಿಲಾಗುತ್ತದೆ, ಸಾಲ ತೀರಿಸದವರು ಹೆಚ್ಚಾಗುತ್ತಾರೆ.

ಹಿಟ್ಟಿನ ಗಿರಣಿ?

ಒರಳಿನಲ್ಲಿ ಒನಕೆಯಿಂದ ಸಜ್ಜೆ ಕುಟ್ಟುವ ದುಡಿಮೆ ತಪ್ಪಿಸುವುದು ದೊಡ್ಡ ಉಪಕಾರ. 1990ರ ದಶಕದಲ್ಲಿ ಮಾಲಿಯಲ್ಲಿ ಭಾರತದಲ್ಲಿ ತಯಾರಾದ ಲಿಸ್ಟರ್ ಮಾದರಿಯ ಡೀಸೆಲ್ ಎಂಜಿನ್‌ಗೆ ಗಿರಣಿ, ಹೊಟ್ಟು ಬಿಡಿಸುವ ಯಂತ್ರ, ಬ್ಯಾಟರಿ ಚಾರ್ಜರ್ ಎಲ್ಲವನ್ನೂ ಜೋಡಿಸಿ ಹೆಂಗಸರ ಗುಂಪುಗಳಿಗೆ ಕೊಡುವ ಯೋಜನೆ ನಡೆಯಿತು. ನಡೆಯದೆ ನಿಂತ ಗಿರಣಿಗಳಲ್ಲಿ ಕಾಣುವ ತಪ್ಪು ಒಂದೇ ಬಗೆಯದು: ಡೀಸೆಲ್ ಖರ್ಚನ್ನು ಮಾತ್ರ ಲೆಕ್ಕ ಹಾಕಿ ದರ ಇಟ್ಟಿರುತ್ತಾರೆ, ಬೆಲ್ಟು, ಬೀಸುವ ತಟ್ಟೆ, ಮುಂದಿನ ಎಂಜಿನ್ನಿನ ಹಣ ಅದರಲ್ಲಿರುವುದಿಲ್ಲ. ಊರಲ್ಲೇ ಯಾರದೋ ಖಾಸಗಿ ಗಿರಣಿ ಇದ್ದರೆ ಇನ್ನೊಂದನ್ನು ಕೊಡಿಸಬೇಡಿ, ಎರಡೂ ಮುಳುಗುತ್ತವೆ.

ಶಾಲೆ ಕಟ್ಟಿಸಬಹುದೇ?

ಶಿಕ್ಷಕರನ್ನು ಕೊಡುತ್ತೇವೆಂದು ಶಿಕ್ಷಣ ಇಲಾಖೆ ಲಿಖಿತವಾಗಿ ಒಪ್ಪಿದ್ದರೆ ಮಾತ್ರ. ಹಣ ಸ್ವಲ್ಪವೇ ಇದ್ದರೆ ಈಗಿರುವ ಶಾಲೆಯ ಶಿಕ್ಷಕರಿಗೊಂದು ಮನೆ, ಹೆಣ್ಣುಮಕ್ಕಳಿಗೆ ಬಾಗಿಲಿರುವ ಪಾಯಿಖಾನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಭಾರತದಿಂದ ಹಣ ಕಳುಹಿಸುವುದು ಹೇಗೆ? ಸಾಮಾನು ಕಳುಹಿಸಬಹುದೇ?

ಇಲ್ಲಿ ನೆಲೆಸಿರುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ, ವರ್ಷಕ್ಕೆ 2,50,000 ಡಾಲರ್ ಮಿತಿಯೊಳಗೆ, ದೇಣಿಗೆ ಎಂದು ಬರೆದು ಬ್ಯಾಂಕಿನ ಮೂಲಕ ಕಳುಹಿಸಬಹುದು. ವಿದೇಶಿ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಇಲ್ಲಿ ಆದಾಯ ತೆರಿಗೆ ವಿನಾಯಿತಿ ಸಿಗದು. ಟ್ರಸ್ಟುಗಳ ನಿಯಮ ಬೇರೆ, ಲೆಕ್ಕಪರಿಶೋಧಕರನ್ನು ಕೇಳದೆ ಮುಂದುವರಿಯಬೇಡಿ.

ಸಾಮಾನು ಬೇಡ. ಬಿಡಿಭಾಗವನ್ನೂ ಅಲ್ಲಿನ ಅಂಗಡಿಯಲ್ಲೇ ಕೊಳ್ಳಿ. ನಾಲ್ಕು ಊರು ಒಂದೇ ಅಂಗಡಿಯಲ್ಲಿ ವಾಷರು ಕೊಂಡರೆ ಆ ಅಂಗಡಿ ಮುಂದಿನ ವರ್ಷವೂ ವಾಷರು ಇಟ್ಟಿರುತ್ತದೆ.

ಕೆಲಸ ಮುಗಿದ ಮೇಲೆ ಯಾವಾಗ ಹೋಗಿ ನೋಡಬೇಕು? ಏನು ನೋಡಬೇಕು?

ಉದ್ಘಾಟನೆಯ ವಾರದಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಮೂರನೆಯ ವರ್ಷದ ಏಪ್ರಿಲ್‌ನಲ್ಲಿ ಹೋಗಿ. ಉತ್ತರ ಬುರ್ಕಿನಾ, ಮಾಲಿ, ನೈಜರ್‌ನ ಬಹಳಷ್ಟು ಭಾಗಗಳಿಗೆ ಈಗ ಹೊರಗಿನವರು ಹೋಗುವುದು ಸುರಕ್ಷಿತವಲ್ಲ, ಹೋದರೆ ಊರಿನವರಿಗೂ ಅಪಾಯ. ಅಂಥ ಕಡೆ ಪಕ್ಕದ ಊರಿನ ನಂಬಿಕಸ್ಥರಿಗೆ ಹೇಳಿ ನೋಡಿಸಿ.

ಪಂಪಿನ ಬಳಿ ಮುಂಜಾನೆ ಸರದಿ ಇದೆಯೇ? ನಿಮಿಷಕ್ಕೆ 40 ಒತ್ತಿನ ಪರೀಕ್ಷೆಯಲ್ಲಿ ಎಷ್ಟು ಲೀಟರ್ ಬಂತು? ಕಟ್ಟೆಯ ಸಿಮೆಂಟು ಬಿರಿದು ಚೆಲ್ಲಿದ ನೀರು ಕೇಸಿಂಗಿನ ಬುಡಕ್ಕೆ ಇಳಿಯುತ್ತಿದೆಯೇ, ಇಲ್ಲಾ ಕಾಲುವೆ ಹಿಡಿದು ಇಂಗುಗುಂಡಿಗೆ ಹೋಗುತ್ತಿದೆಯೇ? ಹಣದ ಪುಸ್ತಕದಲ್ಲಿ ಕೊನೆಯ ಖರ್ಚು ಯಾವ ತಾರೀಖಿನದು? ಮೂರು ವರ್ಷದಲ್ಲಿ ಒಂದೂ ಖರ್ಚಿಲ್ಲವೆಂದರೆ ಸಂತೋಷಪಡಬೇಡಿ, ಯಾರೂ ವಾಷರು ಬದಲಿಸಿಲ್ಲ ಎಂದರ್ಥ. ಕಲ್ಲಿನ ಬದುವಿನ ಮೇಲ್ಬದಿಯಲ್ಲಿ ಹೂಳು, ಒಣಹುಲ್ಲು ನಿಂತಿದೆಯೇ ನೋಡಿ. ಝಾಯ್ ಗುಂಡಿಗಳಲ್ಲಿ ಎಷ್ಟನ್ನು ಈ ವರ್ಷ ಮತ್ತೆ ಕೆದಕಿ ಗೊಬ್ಬರ ಹಾಕಿದ್ದಾರೆ ಎಂದು ಒಂದು ಸಾಲು ಹಿಡಿದು ಎಣಿಸಿ. ಮೊದಲು ಮಾಡಿದ ಹೊಲದ ಆಚೆ, ಯಾರೂ ಹೇಳದೆ ಪಕ್ಕದವರು ತಾವಾಗಿ ತೋಡಿಕೊಂಡ ಗುಂಡಿಗಳಿದ್ದರೆ ಅವನ್ನೂ ಎಣಿಸಿಕೊಳ್ಳಿ.